ನವೆಗೆ ಲೈಟ್ ಕೊಡಿಸ್ಕೊಂಡ ಮಳೆಗಾಲ

ಲೈಕೆನ್ ಪ್ಲಾನಸ್ ಅನ್ನೋ ಚರ್ಮದ ಕಾಯಿಲೆ ಹೆಸರು ಕಿವಿಗೆ ಬೀಳೋಕೆ ಮುಂಚೆನೇ ನಮ್ಮನೇಲಿ ಅದಕ್ಕೆ ಬೇರೆ ಬೇರೆ ಹೆಸರು ಇಟ್ಟಾಗಿತ್ತು. ಅತ್ತೆ ಇಸುಬು ಅಂದ್ರು, ಪಕ್ಕದ ಮನೆಯವ್ರು ಹುಳುಕಡ್ಡಿ ಅಂದ್ರು, ನಮ್ಮನೆಯವ್ರು ಅಡಿಕೆ ದೂಳಿನ ಅಲರ್ಜಿ ಅಂತ ತೀರ್ಮಾನ ಮಾಡಿಬಿಟ್ರು. ಮೊದಲು ಮಣಿಕಟ್ಟಿನ ಒಳಭಾಗ, ಆಮೇಲೆ ಎರಡೂ ಕಾಲಿನ ಮುಂಭಾಗ, ಆಮೇಲೆ ಸೊಂಟದ ಸುತ್ತ, ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು, ಬೆಳಕಿಗೆ ಹಿಡಿದ್ರೆ ಮೇಲ್ಗಡೆ ಹೊಳೀತಿದ್ವು. ನವೆ ಎಷ್ಟಿತ್ತು ಅಂದ್ರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಸುರ್ಕೊಂಡು ನಿಲ್ತಿದ್ದೆ, ಸ್ವಲ್ಪ ತಡೆದ್ಮೇಲೆ ವಾಪಸ್ ಬಂದು ಮಲಗಿದ್ರೆ ಮತ್ತೆ ಶುರು. ಕೆರೆದ್ರೆ ಉಗುರು ಎಳೆದ ಗೀಟಿನ ಮೇಲೇ ಸಾಲಾಗಿ ಹೊಸ ಗುಳ್ಳೆ ಏಳೋದು. ಈ ಕಾಯಿಲೆ ಗುಣನೇ ಅದು ಅಂತ ಆಮೇಲೆ ಗೊತ್ತಾಯ್ತು.

ತೀರ್ಥಹಳ್ಳಿಲಿ ನೋಡಿದ ಡಾಕ್ಟ್ರು ಶಿವಮೊಗ್ಗಕ್ಕೆ ಚರ್ಮದ ಡಾಕ್ಟ್ರ ಹತ್ರ ಬರೆದುಕೊಟ್ರು. ಅಲ್ಲಿ ಮೇಡಮ್ಮು ಮೊದಲು ಫಂಗಸ್ ಇದೆಯಾ ಅಂತ ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರು, ಅದಲ್ಲ ಅಂತಾದ್ಮೇಲೆ ಕಾಲಿಂದ ಒಂದು ಚೂರು ಬಯಾಪ್ಸಿಗೆ ಕಳಿಸಿದ್ರು, ಬಾಯಿ ತೆಗೆಸಿ ಕೆನ್ನೆ ಒಳಗಡೆ ಬಿಳಿ ಜಾಲರಿ ಥರ ಗೆರೆ ಇದೆಯಾ ಅಂತಾನೂ ಟಾರ್ಚ್ ಹಾಕಿ ನೋಡಿದ್ರು. ಎಲೆಅಡಿಕೆ ಅಭ್ಯಾಸ ಇದೆಯಾ ಅಂತ ಕೇಳಿದ್ರು. ಕೊನೆಗೆ ಲೈಕೆನ್ ಪ್ಲಾನಸ್ ಅಂತಾಯ್ತು. ಈ ಕಾಯಿಲೆಲಿ ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ರಕ್ತದ ಟಿ ಸೆಲ್ಲುಗಳೇ ನಮ್ಮ ಚರ್ಮದ ಮೇಲೆ ತಿರುಗಿ ಬೀಳ್ತವಂತೆ, ಇನ್ನೊಬ್ಬರಿಗೆ ಅಂಟೋದಿಲ್ಲ. ಅಂಟೋದಿಲ್ಲ ಅನ್ನೋದನ್ನ ನಾನು ಮನೆಗೆ ಬಂದು ಎಲ್ಲರ ಮುಂದೆ ಜೋರಾಗಿ ಹೇಳಿದೆ. ಯಾಕೆಂದ್ರೆ ಅಷ್ಟೊತ್ತಿಗೆ ನನ್ನ ಟವೆಲ್ಲು, ನನ್ನ ಹಾಸಿಗೆ ಎಲ್ಲ ಬೇರೆ ಆಗಿತ್ತು.

ಮುಲಾಮಿಗೆ ಸ್ವಲ್ಪ ಇಳೀತು, ಆದ್ರೆ ಅಷ್ಟಗಲ ಹರಡಿದ ಮೇಲೆ ಸ್ಟೀರಾಯ್ಡ್ ಮುಲಾಮು ಎಷ್ಟು ದಿನ ಅಂತ ಹಚ್ಚೋದು, ಚರ್ಮ ತೆಳ್ಳಗಾಗತ್ತೆ. ನಂಗೆ ಶುಗರ್ ಬೇರೆ ಇರೋದ್ರಿಂದ ಸ್ಟೀರಾಯ್ಡ್ ಮಾತ್ರೆ ಬೇಡ ಅಂದ್ರು. "ನ್ಯಾರೋಬ್ಯಾಂಡ್ ಯುವಿಬಿ ಕೊಡೋಣಮ್ಮ, ವಾರಕ್ಕೆ ಮೂರು ಸಲ ಬರಬೇಕು, ತಪ್ಪಿಸಬಾರದು" ಅಂದ್ರು. ಅಂದ್ರೆ ಮೆಷಿನ್ನಿಂದ ಅಳತೆ ಮಾಡಿ ಚರ್ಮಕ್ಕೆ ಕೊಡೋ ಒಂದು ಥರದ ನೇರಳಾತೀತ ಬೆಳಕು.

ಮನೇಲಿ ಹೇಳಿದಾಗ ಅತ್ತೆ ಕೇಳಿದ್ದು, "ಕರೆಂಟ್ ಕೊಡ್ತಾರೇನೇ? ಅಂಗಳದ ಬಿಸಿಲಲ್ಲಿ ನಿಂತ್ರೆ ಆಗಲ್ವ?" ಪ್ರಶ್ನೆ ನ್ಯಾಯವಾದದ್ದೇ, ನಾನೂ ಅದನ್ನೇ ಡಾಕ್ಟ್ರಿಗೆ ಕೇಳಿದೆ. ಬಿಸಿಲಲ್ಲಿ ಎಲ್ಲ ಥರದ ಕಿರಣಾನೂ ಕಲಸಿ ಬರತ್ತೆ, ಶಾಖ ಬೆವರು ಸೇರಿ ನವೆ ಹೆಚ್ಚತ್ತೆ, ಎಷ್ಟು ಬಿತ್ತು ಅಂತ ಅಳೆಯೋಕಾಗಲ್ಲ. ಮೆಷಿನ್ನಿನ ಟ್ಯೂಬು 311 ನ್ಯಾನೋಮೀಟರ್ ಆಸುಪಾಸಿನ ಅಲೆ ಉದ್ದದ ಕಿರಣ ಮಾತ್ರ ಕೊಡತ್ತೆ, ಚರ್ಮದಲ್ಲಿ ಜಗಳ ಆಡ್ತಿರೋ ಸೆಲ್ಲುಗಳನ್ನ ತಣ್ಣಗೆ ಮಾಡೋಕೆ ಅಷ್ಟು ಸಾಕು. ಸುಡೋದಕ್ಕೆ ಕಾರಣ ಆಗೋ ಇನ್ನೂ ಚಿಕ್ಕ ಅಲೆಗಳನ್ನ ಬಹುತೇಕ ತೆಗೆದಿರ್ತಾರೆ. ಅಲ್ಲದೆ ಮಲೆನಾಡಲ್ಲಿ ಜುಲೈ ತಿಂಗಳು, ಬಿಸಿಲಾದ್ರೂ ಎಲ್ಲಿಂದ ತರೋದು.

ಲೈಟ್ ರೂಮಲ್ಲಿ ನಿಂತ್ಕೊಳ್ಳೋ ಒಂದು ಕ್ಯಾಬಿನ್ನು, ಒಳಗಡೆ ಸುತ್ತಲೂ ಉದ್ದುದ್ದ ಟ್ಯೂಬುಗಳು. ಬಟ್ಟೆ ಬಿಚ್ಚಬೇಕು ಅನ್ನೋದೇ ನಂಗೆ ದೊಡ್ಡ ಯೋಚನೆ ಆಗಿತ್ತು, ಸಿಸ್ಟರ್ ಬಾಗಿಲು ಹಾಕಿ ಪರದೆ ಎಳೆದು, ಒಳ ಉಡುಪು ಇರಲಿ, ಪ್ರತಿ ಸಲ ಇದೇ ಅಳತೆದು ಹಾಕ್ಕೊಂಡು ಬನ್ನಿ ಅಂದ್ರು. ಇವತ್ತು ಮುಚ್ಚಿದ ಜಾಗ ಇನ್ನೊಂದು ದಿನ ದೊಡ್ಡ ಡೋಸಲ್ಲಿ ತೆರೆದುಕೊಂಡ್ರೆ ಅಲ್ಲಿ ಸುಟ್ಟುಹೋಗತ್ತೆ ಅಂತ. ಕಣ್ಣಿಗೆ ಕಪ್ಪು ಗಾಗಲ್ಸು, ಮುಖದಲ್ಲಿ ಏನೂ ಇಲ್ಲದೆ ಇದ್ದಿದ್ರಿಂದ ಮುಖಕ್ಕೆ ದಪ್ಪ ಬಟ್ಟೆ. "ಬಾಗಿಲಿಗೆ ಚಿಲಕ ಇಲ್ಲಮ್ಮ, ತಲೆ ಸುತ್ತಿದ್ರೆ ತಳ್ಳಿ ಬಂದ್ಬಿಡಿ, ಇಲ್ಲೇ ಇರ್ತೀನಿ" ಅಂತ ಅವರು ಹೇಳಿದ್ದು ನಂಗೆ ಎಷ್ಟು ಧೈರ್ಯ ಕೊಡ್ತು ಅಂದ್ರೆ ಆಮೇಲೆ ಭಯಾನೇ ಆಗ್ಲಿಲ್ಲ. ಫ್ಯಾನ್ ಶಬ್ದ, ಮೈಗೆ ಸ್ವಲ್ಪ ಬೆಚ್ಚಗೆ, ಅಷ್ಟರಲ್ಲಿ ಟೈಮರ್ ಕೂಗಿತು. ಮೊದಲ ದಿನದ್ದು ಬರೀ ಸೆಕೆಂಡುಗಳ ಲೆಕ್ಕ. ಆಮೇಲೆ ಚರ್ಮ ಹೇಗೆ ತಡ್ಕೊಳ್ಳತ್ತೆ ನೋಡ್ಕೊಂಡು ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗೋದು. ಪ್ರತಿ ಸಲ ಸಿಸ್ಟರ್ ಮೊದಲು ಕೇಳ್ತಿದ್ದಿದ್ದೇ "ಕೆಂಪಾಯ್ತಾ, ಎಷ್ಟೊತ್ತು ಇತ್ತು, ಹೊಸ ಮಾತ್ರೆ ಏನಾದ್ರೂ ಶುರು ಮಾಡಿದೀರಾ" ಅಂತ. ಕೆಲವು ಬಿಪಿ ಮಾತ್ರೆ, ಡಾಕ್ಸಿಸೈಕ್ಲಿನ್ ಥರದ ಆಂಟಿಬಯೋಟಿಕ್ಕು ಚರ್ಮನ ಬೆಳಕಿಗೆ ಸೂಕ್ಷ್ಮ ಮಾಡ್ತವೆ. ಹೋಗೋ ಮುಂಚೆ ಏನೂ ಹಚ್ಕೋಬಾರದು, ಬಂದ್ಮೇಲೆ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಬೇಕು. ಯಾರೋ ಬಾವಂಚಿ ಬೀಜದ ಎಣ್ಣೆ ಹಚ್ಚಿ ಅಂದಿದ್ರು, ಡಾಕ್ಟ್ರು ಅದನ್ನ ಮಾತ್ರ ಮುಟ್ಟಲೇಬೇಡಿ ಅಂದ್ರು, ಅದರಲ್ಲಿರೋ ಸೋರಾಲೆನ್ ಅನ್ನೋ ಅಂಶ ಮೈಮೇಲಿದ್ದಾಗ ಬಿಸಿಲು ಬಿದ್ರೂ ಸಾಕಂತೆ, ಬೊಬ್ಬೆ ಬರತ್ತೆ. ತೊನ್ನಿಗೆ ಹಿಂದಿನಿಂದ ಬಳಸ್ತಿದ್ದಿದ್ದೂ ಅದನ್ನೇ, ಸೋರಾಲೆನ್ ಜೊತೆ ಯುವಿಎ ಅನ್ನೋ ಇನ್ನೊಂದು ಥರದ ನೇರಳಾತೀತ ಕಿರಣ ಕೊಡೋ ಪೂವಾ ಅನ್ನೋ ಇನ್ನೊಂದು ಚಿಕಿತ್ಸೆನೂ ಇದೆ, ಆದ್ರೆ ಅದು ಡಾಕ್ಟ್ರ ಕಣ್ಗಾವಲಲ್ಲೇ ಆಗಬೇಕಾದ್ದು.

ನೀಲ್ಸ್ ಫಿನ್ಸೆನ್ ಅಂತ ಡೆನ್ಮಾರ್ಕಿನ ಡಾಕ್ಟ್ರು ಬೆಳಕಿಂದ ಚರ್ಮದ ಟಿಬಿ ವಾಸಿ ಮಾಡಿ 1903ರಲ್ಲಿ ನೊಬೆಲ್ ತಗೊಂಡಿದ್ರು ಅಂತ ಮಗ ಓದಿ ಹೇಳಿದ. ಇಷ್ಟು ಹಳೇ ವಿದ್ಯೆ ನಮ್ಮೂರ ಕಡೆ ಜನಕ್ಕೆ ಇನ್ನೂ ಗೊತ್ತಿಲ್ವಲ್ಲ ಅಂತ ಬೇಜಾರಾಯ್ತು ನಂಗೆ.

ಶುರುವಿನ ವಾರಗಳಲ್ಲಿ ಏನೂ ಅನ್ನಿಸಲಿಲ್ಲ. ಗುಳ್ಳೆ ಇನ್ನೂ ಕಪ್ಪಾಗಿ ಕಂಡ್ವು, ಇವ್ರು "ಬಸ್ ಚಾರ್ಜೇ ಜಾಸ್ತಿ ಆಯ್ತಲ್ಲೇ" ಅಂದ್ರು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಸೋಸ್ತಾ ಇದ್ದಾಗ ಹೊಳೀತು, ರಾತ್ರಿ ಬಚ್ಚಲಿಗೆ ಎದ್ದೇ ಇಲ್ಲ ಅಂತ. ನನ್ನ ಮಟ್ಟಿಗೆ ಮೊದಲು ಹೋಗಿದ್ದು ನವೆ, ಗುಳ್ಳೆ ಚಪ್ಪಟೆ ಆಗಿದ್ದು ಆಮೇಲೆ. ಕಲೆಗಳು ಈಗ್ಲೂ ಇವೆ, ನಮ್ಮಂಥ ಬಣ್ಣದ ಚರ್ಮದಲ್ಲಿ ಅವು ಮಾಸೋಕೆ ತಿಂಗಳುಗಟ್ಟಲೆ ಬೇಕು, ಇರಲಿ, ನಿದ್ದೆ ಬಂತಲ್ಲ.

ಹೊರಗಡೆ ಬೆಂಚಲ್ಲಿ ಕೂತೋರೆಲ್ಲ ಒಂದೇ ಕಾಯಿಲೆಯೋರಲ್ಲ. ಸೋರಿಯಾಸಿಸ್ಸಿನೋರು ಜಾಸ್ತಿ, ತೊನ್ನಿನ ಒಬ್ಬಳು ಕಾಲೇಜು ಹುಡುಗಿ, ಕಿಡ್ನಿ ಹೋಗಿ ಡಯಾಲಿಸಿಸ್ ಮಾಡಿಸ್ಕೊಳ್ಳೋ ಒಬ್ಬರು ಯಜಮಾನ್ರು, ಅವರ ಮೈಮೇಲೆ ಒಂದು ಗುಳ್ಳೆನೂ ಇಲ್ಲ ಆದ್ರೆ ಮೈಯೆಲ್ಲ ನವೆ, ಅದಕ್ಕೂ ಇದೇ ಲೈಟು. ಆಗುಂಬೆ ಕಡೆಯಿಂದ ಬರ್ತಿದ್ದ ಒಬ್ಬ ಹೆಂಗಸು ನನ್ನದೇ ಬಸ್ಸಲ್ಲಿ ಸಿಗೋರು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟೋವರೆಗೂ ಮಾತಾಡ್ತಾ ಹೋಗ್ತಿದ್ವಿ. ತೀರ್ಥಹಳ್ಳಿಯಿಂದ ನಂಗೇ 60 ಕಿಲೋಮೀಟರು, ಅವರಿಗೆ ಅದರ ಮೇಲೂ ಇನ್ನೊಂದು ಬಸ್ಸು. ಒಳಗೆ ನಿಲ್ಲೋದು ಕೆಲವೇ ನಿಮಿಷ, ಅದಕ್ಕೆ ಇಡೀ ದಿನದ ಕೂಲಿ ಹೋಗತ್ತೆ. ಅವರು ಸೋರಿಯಾಸಿಸ್ ಅರ್ಧ ಇಳಿದ ಹೊತ್ತಿಗೆ ಬರೋದು ನಿಲ್ಲಿಸಿದ್ರು. "ಗದ್ದೆ ನೆಟ್ಟಿ ಶುರುವಾಯ್ತಕ್ಕ" ಅಂತ ಫೋನಲ್ಲಿ ಅಂದ್ರು. ನಡುವೆ ಬಿಟ್ರೆ ಅದೇ ಡೋಸಿಂದ ಮುಂದುವರಿಸೋಕಾಗಲ್ಲ, ತುಂಬ ದಿನ ಆದ್ರೆ ಮತ್ತೆ ಮೊದಲಿಂದ.

ಲೈಟ್ ಕೆಲಸ ಮಾಡತ್ತೆ, ಅದು ನಂಗೆ ಗೊತ್ತಾಗಿದೆ. ಆದ್ರೆ ಅದು ಹತ್ತಿರ ಇದ್ದೋರಿಗೆ ಮಾತ್ರ ಕೆಲಸ ಮಾಡತ್ತೆ. ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಮೆಷಿನ್ನೇ ಬಂದಿದೆ, ಅದಕ್ಕೆ ಹೋಲಿಸಿದ್ರೆ ಇದಕ್ಕೆ ಬೇಕಾಗಿರೋದು ಒಂದು ಚಿಕ್ಕ ರೂಮು, ಸರಿಯಾದ ಕರೆಂಟು, ಟ್ರೈನಿಂಗ್ ಆದ ಒಬ್ಬರು ಸಿಸ್ಟರು, ಡೋಸ್ ಬರೆದುಕೊಡೋಕೆ ಆಗಾಗ ಬರೋ ಚರ್ಮದ ಡಾಕ್ಟ್ರು. ಇದನ್ನೇ ಬರೆದು ಒಂದು ಅರ್ಜಿ ಮಾಡಿದೀವಿ, ಬೆಂಚಲ್ಲಿ ಸಿಕ್ಕ ನಮ್ಮ ತಾಲ್ಲೂಕಿನೋರೆಲ್ಲ ಸಹಿ ಹಾಕಿದಾರೆ, ಆಗುಂಬೆ ಕಡೆಯೋರ ಸಹಿ ಹಾಕಿಸ್ಕೊಂಡು ಬರೋಕೆ ಈ ಭಾನುವಾರ ಅವರ ಮನೆಗೇ ಹೋಗ್ತಿದೀನಿ.