ಎೞಮ್ ನುಡಿ: ೞ ಎಲ್ಲಿ ಹೋಗಬೇಕು?

ನಾನು ಕಟ್ಟುತ್ತಿರುವ ಹೊಸ ನುಡಿಗೆ ಸದ್ಯಕ್ಕೆ ‘ಎೞಮ್’ ಅಂತ ಹೆಸರು. (ೞ ಅಂದರೆ ಹಳಗನ್ನಡದ ಅಕ್ಷರ, ‘ತಮಿೞ್’ ಪದದ ಕೊನೆಯಲ್ಲಿ ಕೇಳುವ ಸದ್ದು.) ವ್ಯಂಜನಗಳ ಪಟ್ಟಿ ಮುಗಿದಿದೆ. ಸ್ವರಗಳಲ್ಲಿ ಒಂದು ತಕರಾರು ಉಳಿದಿದೆ.

ಮಹಾಪ್ರಾಣ ಇಲ್ಲ. ಶ, ಷ ಕೂಡ ಇಲ್ಲ. ತ ಮತ್ತು ಟ ನಡುವೆ ಇನ್ನೊಂದು ಸದ್ದು ಇದೆ. ನಾಲಿಗೆಯ ತುದಿ ಹಲ್ಲಿಗೆ ತಾಗಬಾರದು, ಹಿಂದಕ್ಕೂ ಮಡಚಬಾರದು, ವಸಡಿಗೆ ತಾಗಬೇಕು. ನೀಲಗಿರಿಯ ತೋಡ ನುಡಿಯಲ್ಲಿ ಈ ಮೂರೂ ಬೇರೆ ಬೇರೆ. ಮಲಯಾಳಂನಲ್ಲಿ ಇದು ಇಮ್ಮಡಿಯಾಗಿ ಕೇಳಿಸುತ್ತದೆ. ಅಲ್ಲಿನ ಬರಹ ನೋಡಿಕೊಂಡು ನಾನೂ ಇದನ್ನು ಹಳಗನ್ನಡದ ಇನ್ನೊಂದು ರಕಾರ ಬಳಸಿ ಱ್ಱ ಎಂದು ಬರೆಯುತ್ತಿದ್ದೇನೆ. ತೋಡದ ಬಗೆಬಗೆಯ ರಕಾರಗಳ ಮೇಲೂ ಕಣ್ಣಿತ್ತು. ನನ್ನ ಬಾಯಿಗೆ ಒಗ್ಗಲಿಲ್ಲ, ಬಿಟ್ಟೆ.

ಸದ್ದುಗಳನ್ನು ಸುಮ್ನೆ ಗುಡ್ಡೆ ಹಾಕಿದರೆ ನುಡಿ ಆಗುವುದಿಲ್ಲ. ಯಾವುದು ಎಲ್ಲಿ ಬರಬಾರದು ಅನ್ನುವುದೂ ಬೇಕು. ಅಚ್ಚಗನ್ನಡದ ಪದ ಣ, ಳ ಇಂದ ಶುರುವಾಗುವುದಿಲ್ಲ ಅಲ್ವಾ? ಆ ಕಟ್ಟನ್ನು ಹಾಗೇ ಇಟ್ಟುಕೊಂಡೆ. ಪದದ ಕೊನೆಗೆ ಹಳಗನ್ನಡದ ದಾರಿ: ಪಾಲ್, ಕಣ್, ಬಿಲ್ ಥರ ವ್ಯಂಜನದಲ್ಲೇ ನಿಲ್ಲಬಹುದು. ಪಾಲು ಹಾಲಾದ ಹಾಗೆ ಪ ಹೋಗಿ ಹ ಆಗುವುದನ್ನು ಬೇಕಂತಲೇ ತರಲಿಲ್ಲ. ತಂದರೆ ಕೇಳಿದವರೆಲ್ಲ ಇದು ಕನ್ನಡದ ನೆಂಟ ಅನ್ನುತ್ತಾರೆ.

ಜಾಸ್ತಿ ಹೊತ್ತು ತಿಂದದ್ದು ೞ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟ. ಆ ಹೊತ್ತಿಗೇ ಅದು ಬೇರೆ ಸದ್ದುಗಳ ಜೊತೆ ಕಲಸಿಹೋಗುತ್ತಿತ್ತು. ಹೋಗಿದ್ದೂ ಒಂದೇ ದಾರಿಯಲ್ಲಿ ಅಲ್ಲ: ಏೞು ಏಳಾಯಿತು, ಕೞ್ತೆ ಕತ್ತೆಯಾಯಿತು. ಎೞಮಿನಿಂದ ಮುಂದೆ ಹುಟ್ಟುವ ನುಡಿಗೂ ಎರಡು ದಾರಿ ಕೊಟ್ಟಿದ್ದೇನೆ. ೞ ಆದಮೇಲೆ ವ್ಯಂಜನ ಬಂದರೆ ೞ ಬಿದ್ದುಹೋಗಿ ಆ ವ್ಯಂಜನ ಇಮ್ಮಡಿಯಾಗುತ್ತದೆ. ಎರಡು ಸ್ವರಗಳ ನಡುವೆ ಸಿಕ್ಕರೆ ಯ ಆಗುತ್ತದೆ. ಇದು ಮದ್ರಾಸಿನ ಆಡುಮಾತಿನಿಂದ ಎತ್ತಿದ್ದು, ಅಲ್ಲಿ ಪೞಂ ‘ಪಯಂ’ ಆಗುತ್ತದೆ.

ಈಗ ಮಜಾ ನೋಡಿ. ಎೞಮಿನಲ್ಲಿ ನಿೞ್ ಅಂದರೆ ಹರಿ. ನಿೞ್ಪು ಹರಿವು, ನಿೞೆನ್ ಹರಿದೆ. ಮುಂದಿನ ನುಡಿಯಲ್ಲಿ ಇವು ನಿಪ್ಪು, ನಿಯೆನ್. ಧಾತು ಒಂದೇ, ರೂಪದಲ್ಲಿ ನೆಂಟಸ್ತಿಕೆಯೇ ಕಾಣುವುದಿಲ್ಲ. ಅಡ್ಡಾದಿಡ್ಡಿ ರೂಪಗಳನ್ನು ನಾನು ತುರುಕಬೇಕಾಗಿಲ್ಲ, ನಿಯಮವೇ ಹೆತ್ತುಕೊಡುತ್ತದೆ.

ಇನ್ನು ಆ ತಕರಾರು. ನೀಲಗಿರಿಯ ಬಡಗ ನುಡಿಯಲ್ಲಿ ನಾಲಿಗೆ ಹಿಂದಕ್ಕೆ ಮಡಚಿ ಹೇಳುವ ಸ್ವರಗಳಿವೆ ಎಂದು ಭಾಷಾವಿಜ್ಞಾನಿ ಎಮೆನೋ 1939ರಲ್ಲೇ ಬರೆದಿದ್ದರು. ನನ್ನ ೞ ಕೂಡ ಹೋಗುವಾಗ ಆ ಮಡಿಕೆಯನ್ನು ಹಿಂದಿನ ಸ್ವರಕ್ಕೆ ಬಿಟ್ಟುಹೋಗಬಹುದು. ಆಸೆ ಏನೋ ಇದೆ. ಆದರೆ ಆಗ ಇಮ್ಮಡಿ ನಿಯಮಕ್ಕೆ ಕೆಲಸ ಇರುವುದಿಲ್ಲ, ನಿಪ್ಪು ಕೂಡ ಇರುವುದಿಲ್ಲ. ಸದ್ಯಕ್ಕೆ ನಿಪ್ಪು ಉಳಿಸಿಕೊಂಡು, ಕೊಡವದ ನಡುಸ್ವರಗಳ (ನಾಲಿಗೆ ಮುಂದಕ್ಕೂ ಹಿಂದಕ್ಕೂ ಹೋಗದೆ ನಡುವೆ ನಿಂತು ಹೇಳುವ ಸ್ವರಗಳು) ಕಡೆ ಹೋಗುತ್ತಿದ್ದೇನೆ.