ಪಿ.ಟಿ. ಮೇಷ್ಟ್ರ ಪಾಠ ಮತ್ತು ಪಾರ್ಕ್ ಜಿ ಸಂಗ್

ನಮ್ಮ ಬ್ಯಾಚಿನವರಿಗೆ ಶಾಲೆಯ ಮೈದಾನ ಅಂದರೆ ಮೊದಲು ನೆನಪಾಗುವುದು ಪಿ.ಟಿ. ಮೇಷ್ಟ್ರ ಕೂಗು: ‘ತಲೆ ತಿರುಗಿಸೋ!’ ಚೆಂಡು ಕಾಲಿಗೆ ಬಂದ ಮೇಲೆ ಯೋಚನೆ ಶುರುಮಾಡುವವನು ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನು, ಆಗಲಾರ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಎಲ್ಲರ ಬಾಯಲ್ಲೂ ರೂನಿ, ರೊನಾಲ್ಡೊ ಹೆಸರೇ ಇದ್ದ ಆ ಕಾಲದಲ್ಲಿ ಅವರು ನಮಗೆ ತೋರಿಸುತ್ತಿದ್ದದ್ದು ಇಂಗ್ಲೆಂಡಿನ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೊರಿಯನ್ ಆಟಗಾರ ಪಾರ್ಕ್ ಜಿ ಸಂಗ್ ಅವರನ್ನು. ಈಗ ಶಾಲಾ ತಂಡದ ನಡುವೆ ಆಡುತ್ತಿರುವ ಮಕ್ಕಳಿಗಾಗಿ ಆ ಪಾಠವನ್ನು ಬರೆದಿಡುತ್ತಿದ್ದೇನೆ.

ಹತ್ತು ಮೀಟರಿನ ಚೌಕ. ಮೂಲೆಗೊಬ್ಬರಂತೆ ನಾಲ್ವರು, ನಡುವೆ ಒಬ್ಬ. ಚೆಂಡು ಮೂಲೆಯಿಂದ ಮೂಲೆಗೆ ಹೋಗುತ್ತಿರುವಾಗಲೇ ನಡುವಿನವನು ಹೆಗಲ ಮೇಲಿಂದ ಹಿಂದೆ ನೋಡಬೇಕು. ಆ ಗಳಿಗೆಯಲ್ಲಿ ಅವನಿಗೆ ಯಾರೂ ಪಾಸ್ ಕೊಡಲಾರರು, ಹಾಗಾಗಿ ಚೆಂಡಿನಿಂದ ಕಣ್ಣು ತೆಗೆದರೂ ನಷ್ಟವಿಲ್ಲ. ಪಾಸ್ ಕೊಡುವವನು ಕಾಲೆತ್ತುವ ಮುಂಚೆ ಇನ್ನೊಂದು ನೋಟ. ಸೊಂಟ ಅರ್ಧ ತಿರುಗಿರಬೇಕು, ಚೆಂಡನ್ನು ದೂರದ ಕಾಲಿನ ಒಳಬದಿಯಿಂದ ಹಿಡಿಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಹತ್ತಿರದ ಕಾಲಲ್ಲಿ ಹಿಡಿದರೆ ಚೆಂಡು ಮೈಯಡಿ ಸಿಕ್ಕಿಕೊಳ್ಳುತ್ತದೆ, ಬೆನ್ನಿಗೆ ಎದುರಾಳಿ ಅಂಟಿಕೊಳ್ಳುತ್ತಾನೆ, ಕೊಟ್ಟವನಿಗೇ ವಾಪಸ್ ಕೊಡುವುದೊಂದೇ ದಾರಿ ಉಳಿಯುತ್ತದೆ. ನಿಜಕ್ಕೂ ನೋಡಿದ್ದಾನೋ ಸುಮ್ಮನೆ ಕತ್ತು ಕುಣಿಸಿದ್ದಾನೋ ತಿಳಿಯಲು ಮೇಷ್ಟ್ರು ಹಿಂದೆ ನಿಂತು ಬೆರಳೆತ್ತುತ್ತಿದ್ದರು. ಎಷ್ಟು ಬೆರಳೆಂದು ಹೇಳಿಯೇ ಚೆಂಡು ಮುಟ್ಟಬೇಕಿತ್ತು.

ಪಾರ್ಕ್ ಹುಟ್ಟಿದ್ದು 1981ರಲ್ಲಿ, ಬೆಳೆದದ್ದು ಸುವೊನ್ ನಗರದಲ್ಲಿ. ಸಣ್ಣ ಮೈಕಟ್ಟು, ಚಪ್ಪಟೆ ಪಾದ. ಶಾಲೆ ಮುಗಿದಾಗ ಕೊರಿಯಾದ ವೃತ್ತಿಪರ ಕ್ಲಬ್‌ಗಳು ಅವರನ್ನು ತೆಗೆದುಕೊಳ್ಳಲಿಲ್ಲ. ಮ್ಯೊಂಗ್‌ಜಿ ವಿಶ್ವವಿದ್ಯಾಲಯಕ್ಕೆ ಆಡಿ, 2000ದಲ್ಲಿ ಜಪಾನಿನ ಕ್ಯೋಟೊ ಪರ್ಪಲ್ ಸಂಗಾ ಸೇರಿದರು. ತಂಡ ಆ ವರ್ಷವೇ ಎರಡನೇ ದರ್ಜೆಗೆ ಇಳಿಯಿತು, ಮರುವರ್ಷ ಮೇಲೆ ಬಂತು. 2003ರ ಜನವರಿ 1ರ ಜಪಾನಿನ ಎಂಪರರ್ಸ್ ಕಪ್ ಫೈನಲ್‌ನಲ್ಲಿ ಸಮಬಲದ ಗೋಲು ಹೊಡೆದು, ಕಪ್ ಗೆದ್ದುಕೊಟ್ಟೇ ಅವರು ಹಾಲೆಂಡಿಗೆ ಹೊರಟದ್ದು.

2002ರ ವಿಶ್ವಕಪ್‌ನಲ್ಲಿ ಕೊರಿಯಾವನ್ನು ಸೆಮಿಫೈನಲ್‌ಗೆ ಮುಟ್ಟಿಸಿದ್ದ ಕೋಚ್ ಗುಸ್ ಹಿಡಿಂಕ್, ಪಾರ್ಕ್ ಅವರನ್ನು ಅಲ್ಲಿನ ಕ್ಲಬ್ ಪಿಎಸ್‌ವಿ ಐಂಡ್‌ಹೋವನ್‌ಗೆ ಕರೆಸಿಕೊಂಡಿದ್ದರು. ಬಂದ ಸ್ವಲ್ಪ ದಿನಕ್ಕೇ ಮಂಡಿಯ ಶಸ್ತ್ರಚಿಕಿತ್ಸೆ. ಆಟ ಕುದುರಲಿಲ್ಲ, ತವರಿನ ಪ್ರೇಕ್ಷಕರೇ ಕೂಗಾಡಿ ಹೀಯಾಳಿಸಿದರು. ಹಿಡಿಂಕ್ ಕೆಲಕಾಲ ಅವರನ್ನು ಹೊರ ಊರಿನ ಪಂದ್ಯಗಳಲ್ಲಿ ಮಾತ್ರ ಇಳಿಸಿದರು. ಕೋಚ್ ಒಬ್ಬರು ಆಟಗಾರನಿಗೆ ಮಾಡಬಹುದಾದ ದೊಡ್ಡ ಉಪಕಾರ ಅದು. 2005ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ ಎರಡನೇ ಸೆಮಿಫೈನಲ್ ಪಂದ್ಯದಲ್ಲಿ ಇಟಲಿಯ ಮಿಲಾನ್ ವಿರುದ್ಧ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದವರು ಪಾರ್ಕ್. ಪಿಎಸ್‌ವಿ ಆ ಪಂದ್ಯವನ್ನು 3–1ರಿಂದ ಗೆದ್ದರೂ, ಎರಡು ಪಂದ್ಯಗಳ ಒಟ್ಟು ಗೋಲು ಸಮವಾಗಿ, ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ಆಗಿನ ನಿಯಮದಿಂದ ಹೊರಬಿತ್ತು. ಅದೇ ಬೇಸಗೆಯಲ್ಲಿ ಯುನೈಟೆಡ್ ಅವರನ್ನು ಕೊಂಡಿತು.

ಯುನೈಟೆಡ್‌ನಲ್ಲಿ ಏಳು ಸೀಸನ್, 205 ಪಂದ್ಯ, 27 ಗೋಲು. ಈ ಅಂಕಿಗಳನ್ನಷ್ಟೇ ನೋಡಿದರೆ ಪಾರ್ಕ್ ಅರ್ಥವಾಗುವುದಿಲ್ಲ, 2010ರ ಚಾಂಪಿಯನ್ಸ್ ಲೀಗ್‌ನಲ್ಲಿ ಮಿಲಾನ್ ವಿರುದ್ಧದ ಪಂದ್ಯಗಳನ್ನು ನೋಡಬೇಕು. ಮಿಲಾನ್‌ನ ಆಟವೆಲ್ಲ ಮಿಡ್‌ಫೀಲ್ಡರ್ ಪಿರ್ಲೋ ಕಾಲಿನಿಂದ ಹುಟ್ಟುತ್ತಿತ್ತು. ಅಂಚಿನಲ್ಲಿ ಆಡುವ ಪಾರ್ಕ್ ಅವರನ್ನು ಯುನೈಟೆಡ್‌ನ ಕೋಚ್ ಫರ್ಗುಸನ್ ಮೈದಾನದ ನಡುವೆ ನಿಲ್ಲಿಸಿದರು. ಪಿರ್ಲೋಗೂ ಅವರಿಗೆ ಪಾಸ್ ಕೊಡುವ ಡಿಫೆಂಡರ್‌ಗೂ ನಡುವಿನ ಗೆರೆಯಲ್ಲಿ ನಿಂತರೆ ಪಾಸಿನ ದಾರಿಯೇ ಮುಚ್ಚುತ್ತದೆ. ಎಲ್ಲಿಗೆ ಹೋದರೂ ಕಣ್ಣುಮುಚ್ಚಿ ಹಿಂಬಾಲಿಸಿದರೆ ಪಿರ್ಲೋ ಬೇಕೆಂದೇ ಪಕ್ಕಕ್ಕೆ ಎಳೆದೊಯ್ದು, ತೆರವಾದ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಆದ್ದರಿಂದ ಯಾವಾಗ ಹತ್ತಿರ, ಯಾವಾಗ ದೂರ ಎಂಬುದನ್ನು ಪ್ರತಿ ಪಾಸಿಗೂ ಹೊಸದಾಗಿ ತೀರ್ಮಾನಿಸಬೇಕು. ಚೆಂಡು ತಮ್ಮ ತಂಡಕ್ಕೆ ಸಿಕ್ಕ ತಕ್ಷಣ ಪಾರ್ಕ್ ಮುಂದಕ್ಕೆ ಓಡುತ್ತಿದ್ದರು, ಹಿಂದೆ ಓಡಿಬಂದು ಕಾಯುವ ಕಷ್ಟ ಪಿರ್ಲೋಗೆ. ಓಲ್ಡ್ ಟ್ರಾಫರ್ಡ್‌ನ 4–0 ಗೆಲುವಿನ ಮೂರನೇ ಗೋಲು ಅಂಥದೇ ಓಟದಿಂದ ಬಂತು.

2008ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ವಿರುದ್ಧದ ಎರಡೂ ಸೆಮಿಫೈನಲ್ ಪಂದ್ಯ ಆಡಿದ್ದರೂ ಮಾಸ್ಕೋ ಫೈನಲ್‌ಗೆ ಬದಲಿ ಆಟಗಾರರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಮರುವರ್ಷ ರೋಮ್‌ನಲ್ಲಿ ಆಡಿ, ಆ ಫೈನಲ್‌ಗೆ ಇಳಿದ ಮೊದಲ ಏಷ್ಯನ್ ಆದರು.

ವಿದೇಶದಲ್ಲಿ ಆಡುವ ಏಷ್ಯನ್ನರ ನಿಜವಾದ ಕಷ್ಟ ವಿಮಾನದಲ್ಲಿದೆ. ಆಗಿನ ಬ್ರಿಟಿಷ್ ನಿಯಮದಂತೆ, ಯುರೋಪಿನ ಹೊರಗಿನ ಆಟಗಾರನಿಗೆ ಕೆಲಸದ ಪರವಾನಗಿ ಬೇಕಾದರೆ ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಶೇ 75ರಷ್ಟನ್ನು ಆಡಿರಬೇಕಿತ್ತು. ಪರವಾನಗಿ ಸಿಕ್ಕ ಮೇಲೂ ದೇಶದ ಕರೆ ನಿಲ್ಲುವುದಿಲ್ಲ. ಕೊರಿಯಾದ ರಾಜಧಾನಿ ಸೋಲ್‌ಗೆ ಆಗ ಹನ್ನೊಂದು ಗಂಟೆಯ ಹಾರಾಟ, ಎಂಟೊಂಬತ್ತು ಗಂಟೆಯ ವ್ಯತ್ಯಾಸ, ಪಂದ್ಯ, ಮತ್ತೆ ಅಷ್ಟೇ ಹಾರಾಟ, ವಾರಾಂತ್ಯಕ್ಕೆ ಕ್ಲಬ್ಬಿನ ಪಂದ್ಯ. 2007ರಲ್ಲಿ ಪಾರ್ಕ್ ಅವರ ಮಂಡಿಗೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಮಂಡಿಯೊಳಗೆ ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ರಕ್ತನಾಳಗಳಿಲ್ಲ. ಸವೆದರೆ ಚರ್ಮದಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. 2011ರ ಏಷ್ಯನ್ ಕಪ್ ಮುಗಿಯುತ್ತಲೇ, ನೂರು ಪಂದ್ಯಗಳಿಗೆ, ಇನ್ನೂ ಮೂವತ್ತು ತುಂಬುವ ಮೊದಲೇ ದೇಶದ ತಂಡ ಬಿಟ್ಟರು. ಆಮೇಲೆ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್‌ನಲ್ಲಿ ಒಂದು ಸೀಸನ್, ಪಿಎಸ್‌ವಿಯಲ್ಲಿ ಮತ್ತೊಂದು; 2014ರ ಮೇನಲ್ಲಿ ನಿವೃತ್ತಿ. ಕಾರಣ ಅದೇ ಮಂಡಿ.

ನಮ್ಮ ಮೈದಾನದ ನೆಲ ಗಟ್ಟಿ. ಆಡಿದ ಮರುದಿನ ಬೆಳಿಗ್ಗೆ ಕಾಲು ಚಾಚಿ ಕೂತು ಎರಡೂ ಮಂಡಿಗಳನ್ನು ಹೋಲಿಸಿ ನೋಡಿ. ಒಂದರ ಚಿಪ್ಪಿನ ಸುತ್ತಲಿನ ತಗ್ಗು ತುಂಬಿಕೊಂಡಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಅವತ್ತು ನೋವಿಲ್ಲದಿದ್ದರೂ ಆಟಕ್ಕಿಳಿಯಬೇಡಿ. ಊತ ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.