ಶಿಬಿರದಲ್ಲಿ ಒಸಡು ಪರೀಕ್ಷೆ: ಕೈ ಹಗುರವಿರಲಿ

ಹಳ್ಳಿಯ ದಂತ ಶಿಬಿರಕ್ಕೆ ಹೊರಡುವ ಕಿರಿಯ ಡಾಕ್ಟರುಗಳು ಮೊದಲು ಕಲಿಯಬೇಕಾದ್ದು ಪ್ರೋಬ್ (ಒಸಡಿನ ಆಳ ಅಳೆಯುವ ಸಣ್ಣ ಕಡ್ಡಿ) ಹಿಡಿಯುವ ಹದ. ಕೆಂಪಗೆ ಊದಿದ ಒಸಡು ಯಾರ ಕಣ್ಣಿಗೂ ಬೀಳುತ್ತದೆ. ಒಸಡು ಹಲ್ಲಿನಿಂದ ಎಷ್ಟು ಆಳ ಬಿಟ್ಟುಕೊಂಡಿದೆ ಎಂಬುದು ಮಾತ್ರ ಪ್ರೋಬ್ ಇಳಿಸಿದಾಗಲೇ ಗೊತ್ತಾಗುವುದು.

ಸಿಪಿಐ (ಜನರ ಒಸಡಿನ ಸ್ಥಿತಿ ಅಳೆಯುವ ಸೂಚ್ಯಂಕ) ಪ್ರೋಬಿನ ತುದಿಯಲ್ಲಿ 0.5 ಮಿ.ಮೀ. ಗುಂಡು, 3.5ರಿಂದ 5.5 ಮಿ.ಮೀ.ವರೆಗೆ ಕಪ್ಪು ಪಟ್ಟಿ ಇರುತ್ತದೆ. ಪಟ್ಟಿಯ ಒಂದು ಭಾಗ ಒಸಡಿನೊಳಗೆ ಹೋದರೆ ಆಳ 4–5 ಮಿ.ಮೀ.; ಪೂರ್ತಿ ಮರೆಯಾದರೆ 6 ಅಥವಾ ಅದಕ್ಕೂ ಹೆಚ್ಚು. ಒತ್ತಡ 20 ಗ್ರಾಂ ದಾಟಬಾರದು. ಅಂದಾಜು ಸಿಗಲು ತುದಿಯನ್ನು ನಿಮ್ಮ ಹೆಬ್ಬೆರಳಿನ ಉಗುರಿನಡಿ ಇಟ್ಟು ಒತ್ತಿ: ನೋವಿಲ್ಲದೆ ಚರ್ಮ ಬಿಳಿಚಿಕೊಂಡರೆ ಅಷ್ಟೇ ಸಾಕು. ಆ ಪ್ರೋಬ್ ಸೀದಾ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹೋಗಬೇಕು, ರೋಗಿಯ ಬಾಯಿಗಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ಸೋತು ಒತ್ತಡ ತಾನಾಗಿ ಏರುತ್ತದೆ. ಚೆನ್ನಾಗಿರುವ ಒಸಡಲ್ಲೂ ರಕ್ತ ಬಂದು ಲೆಕ್ಕ ಕೆಡುತ್ತದೆ. ಹಾಗಾಗಿ ಕೆಲವರನ್ನು ಇನ್ನೊಬ್ಬರ ಕೈಲಿ ಮತ್ತೆ ನೋಡಿಸಿ ತಾಳೆ ಹಾಕಿ.

ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಎಚ್ಚರ. ಅವರ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ರಕ್ತವಿಲ್ಲ ಎಂದು ಆಳ ಅಳೆಯದೆ ಕಳಿಸಿದರೆ ದೊಡ್ಡ ರೋಗವೇ ಕೈತಪ್ಪುತ್ತದೆ.

“ಕ್ಲೀನ್ ಮಾಡಿಸಿದ್ರೆ ಹಲ್ಲು ಸಡ್ಲ ಆಗ್ತಾವಂತಲ್ಲ ಡಾಕ್ಟ್ರೇ” ಎಂದು ಕೇಳದ ಊರಿಲ್ಲ. ಆ ಭಯವನ್ನು ನಕ್ಕು ತಳ್ಳಿಹಾಕಬೇಡಿ. ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ಕಟ್ಟಿದ ಗಾರೆ (ಗಟ್ಟಿಯಾದ ಹಲ್ಲಿನ ಕೊಳೆ) ನಾಲ್ಕಾರು ಹಲ್ಲುಗಳನ್ನು ಸಿಮೆಂಟಿನಂತೆ ಒಟ್ಟಿಗೆ ಹಿಡಿದಿರುತ್ತದೆ. ಒಳಗೆ ಮೂಳೆ ಕರಗಿ ಅವು ಮೊದಲೇ ಸಡಿಲವಾಗಿರುತ್ತವೆ. ಗಾರೆ ತೆಗೆದ ದಿನ ಅದು ಬಯಲಾಗುತ್ತದೆ, ಅಷ್ಟೆ. ಸ್ಕೇಲಿಂಗಿಗೆ, ಅಂದರೆ ಗಾರೆ ತೆಗೆಯುವುದಕ್ಕೆ, ಮೊದಲೇ ಕನ್ನಡಿ ಹಿಡಿದು ತೋರಿಸಿ ಹೇಳಿ. ಆಮೇಲೆ ಹೇಳಿದರೆ ನೆಪ ಎನ್ನಿಸುತ್ತದೆ.

0.2% ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧಿ ಕೊಡುವಾಗ 10 ಮಿ.ಲೀ. ಅಳತೆ ತೋರಿಸಿ: ದಿನಕ್ಕೆರಡು ಸಲ, ಒಂದು ನಿಮಿಷ, ಎರಡು ವಾರ. ಪೇಸ್ಟಿನಿಂದ ಉಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು, ಇಲ್ಲವಾದರೆ ಪೇಸ್ಟಿನ ನೊರೆ ಪದಾರ್ಥ ಔಷಧಿಯ ಬಲ ಕುಗ್ಗಿಸುತ್ತದೆ. ಹಲ್ಲಿಗೆ ಕಂದು ಕಲೆ ಹಿಡಿಯಬಹುದೆಂದೂ ಹೇಳಿಬಿಡಿ.

ಒಸಡು ಆಳವಾಗಿ ಬಿಟ್ಟುಕೊಂಡಿರುವವರಿಗೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ನಾಲ್ಕರಿಂದ ಆರು ವಾರದೊಳಗೆ ಮತ್ತೆ ಅಳೆಯಲೇಬೇಕು. ಇನ್ನೂರು ಸ್ಕೇಲಿಂಗಿನ ವರದಿಗಿಂತ ಮೂವತ್ತು ಜನರ ಮರುಪರೀಕ್ಷೆ ಮೇಲು. ಆ ದಿನ ಸಂತೆ, ಬಿತ್ತನೆ ಇಲ್ಲ ತಾನೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಚೀಟಿಯಲ್ಲಿ ತಾರೀಕು ಬರೆಯಿರಿ.